ಪುಟಗಳಿಲ್ಲದ ಪುಸ್ತಕದಲ್ಲಿ ಪುಟ ತಿರುವುವುದು

ಕೆಲವು ವರ್ಷಗಳ ಕೆಳಗೆ ಒಂದು ಕಚೇರಿಯ ಕಿಟಕಿಯ ಬಳಿ ಇಬ್ಬರು ಜಗಳವಾಡುತ್ತಿದ್ದರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಹೊರಗಿದ್ದವರು ವಯಸ್ಸಾದ ರೈತರು. ಕೈಯಲ್ಲಿ ನಾಲ್ಕು ಮಡಿಕೆಯ ಒಂದು ರಸೀತಿ. ಒಳಗಿದ್ದವರು ಗುಮಾಸ್ತರು, ಅವರ ಮುಂದೆ ಒಂದು ಕಂಪ್ಯೂಟರು.

“ಮಗಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕವಳೆ ಸ್ವಾಮಿ. ಇಗೋ ರಸೀತಿ. ನಂಬರೂ ಅದೆ.”

“ಯಜಮಾನರೆ, ನಾನೇ ಕೂತು ಬಾಕಿ ಪಟ್ಟೀನ ಮೊದಲನೇ ಪುಟದಿಂದ ಕೊನೇ ಪುಟದವರೆಗೂ ನೋಡಿದ್ದೀನಿ. ಒಂದು ಪುಟಾನೂ ಬಿಟ್ಟಿಲ್ಲ. ನಿಮ್ಮ ಮಗಳ ಹೆಸರು ಬರಲೇ ಇಲ್ಲ.”

ಮಂಜೂರಾದವರ ಪಟ್ಟಿಯಲ್ಲಿ ಆ ಹುಡುಗಿಯ ಹೆಸರಿರಲಿಲ್ಲ. ತಿರಸ್ಕೃತರ ಪಟ್ಟಿಯಲ್ಲಿಯೂ ಇರಲಿಲ್ಲ. ನಾನು ಮೂರನೆಯವನಾಗಿ ಬದಿಯಲ್ಲಿ ನಿಂತಿದ್ದೆ. ಆ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಪ್ರೋಗ್ರಾಮನ್ನು ಬರೆದವನು ನಾನೇ. ತಪ್ಪು ರೈತರದೂ ಅಲ್ಲ, ಗುಮಾಸ್ತರದೂ ಅಲ್ಲ, ನನ್ನದು ಎಂದು ತಿಳಿಯುವುದಕ್ಕೆ ನನಗೆ ಎರಡು ದಿನ ಹಿಡಿಯಿತು. ಆ ತಪ್ಪು ಎಂಥದೆಂಬುದನ್ನು ವಾಚಕರಿಗೆ ವಿವರಿಸುವುದು ಈ ಲೇಖನದ ಉದ್ದೇಶ. ಅದು ನನ್ನೊಬ್ಬನ ತಪ್ಪಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರುತ್ತಿರಲಿಲ್ಲ. ಈ ಕಸುಬಿಗೆ ಕೈಹಾಕಿದವರಲ್ಲಿ ಬಹಳ ಮಂದಿ ಒಂದಲ್ಲ ಒಂದು ಸಲ ಅದನ್ನು ಮಾಡಿರುತ್ತಾರೆ.

ಉದ್ದನೆಯ ಪಟ್ಟಿಯನ್ನು ತುಂಡುತುಂಡಾಗಿ ಒಡೆದು ತೋರಿಸುವ ಏರ್ಪಾಟಿಗೆ ಪೇಜಿನೇಷನ್ ಎಂದು ಹೆಸರು. ಇದನ್ನು ನೀವು ದಿನವೂ ಕಾಣುತ್ತೀರಿ. ಬ್ಯಾಂಕಿನ ಲೆಕ್ಕವಿರಲಿ, ಅಂಗಡಿಯ ಸಾಮಾನಿನ ಪಟ್ಟಿಯಿರಲಿ, ಪರದೆಯ ಮೇಲೆ ಹತ್ತೋ ಇಪ್ಪತ್ತೋ ಸಾಲು ಬರುತ್ತವೆ. ಅಡಿಯಲ್ಲಿ 1, 2, 3 ಎಂದು ಅಂಕಿಗಳು, ಪಕ್ಕದಲ್ಲಿ ‘ಮುಂದೆ’ ಎಂಬ ಗುಂಡಿ. ಒಡೆಯದೆ ಎಲ್ಲವನ್ನೂ ಒಮ್ಮೆಗೇ ತೋರಿಸಿಬಿಡಬಾರದೆ ಎಂದು ಕೇಳಬಹುದು. ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನೇ ತೆಗೆದುಕೊಳ್ಳಿ. 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಏರಿದ ಜಮೀನಿನ ದಾಖಲೆಗಳು ಸುಮಾರು 2 ಕೋಟಿ. ಒಂದೊಂದಕ್ಕೆ ಒಂದೇ ಸಾಲು ಎಂದಿಟ್ಟುಕೊಂಡರೂ, 20 ಸಾಲಿಗೊಂದು ಪುಟದಂತೆ 10 ಲಕ್ಷ ಪುಟಗಳಾಗುತ್ತವೆ. ಊಟ ನಿದ್ದೆ ಬಿಟ್ಟು ಸೆಕೆಂಡಿಗೊಂದು ಪುಟ ತಿರುವಿದರೂ ಹನ್ನೊಂದೂವರೆ ದಿನ ಬೇಕು. ಅಷ್ಟನ್ನೂ ಒಂದೇ ಏಟಿಗೆ ಕಳುಹಿಸ ಹೊರಟರೆ ಕಳುಹಿಸುವ ಯಂತ್ರ ಬೇರೆ ಯಾರಿಗೂ ಉತ್ತರ ಕೊಡಲಾರದು; ಬರಮಾಡಿಕೊಂಡ ಮೊಬೈಲು ಉಸಿರು ಕಟ್ಟಿ ನಿಲ್ಲುತ್ತದೆ. ಒಡೆಯಲೇಬೇಕು. ಹೇಗೆ ಒಡೆಯಬೇಕೆಂಬುದರಲ್ಲಿ ಇರುವುದು ಸ್ವಾರಸ್ಯ.

ನಾವು ‘ಪುಟ’ ಎಂದೊಡನೆ ಪುಸ್ತಕದ ಪುಟವನ್ನು ನೆನೆಯುತ್ತೇವೆ. ಪುಸ್ತಕದ 37ನೆಯ ಪುಟದಲ್ಲಿ ಏನಿದೆಯೋ ಅದು ನಿನ್ನೆಯೂ ಇತ್ತು, ನಾಳೆಯೂ ಇರುತ್ತದೆ. ದಾರ ಹಾಕಿ ಹೊಲಿದಿದ್ದಾರೆ. ಪರದೆಯ ಮೇಲಿನ ಪುಟ ಹಾಗಲ್ಲ. ಅಲ್ಲಿ ಪುಟವೆಂಬುದು ಇಲ್ಲವೇ ಇಲ್ಲ. ಇರುವುದು ಒಂದು ದೊಡ್ಡ ದಾಖಲೆಕೋಣೆ, ಮತ್ತು ಬಾಗಿಲಲ್ಲಿ ನಿಂತ ಒಬ್ಬ ಜವಾನ. ಆತ ಬಹಳ ಚುರುಕು, ಬಹಳ ವಿಧೇಯ, ಆದರೆ ನೆನಪು ಎಳ್ಳಷ್ಟೂ ಇಲ್ಲ. ನೀವು ಎರಡನೆಯ ಪುಟ ಎಂದು ಒತ್ತಿದಾಗ ಆತನಿಗೆ ಹೋಗುವ ಅಪ್ಪಣೆ ಇಷ್ಟೆ: “ಕಡತಗಳನ್ನು ಮೊದಲಿನಿಂದ ಎಣಿಸು, ಇಪ್ಪತ್ತನ್ನು ಬಿಟ್ಟು ಮುಂದಿನ ಇಪ್ಪತ್ತನ್ನು ತಾ.” ಮೂರನೆಯ ಪುಟಕ್ಕೆ ನಲವತ್ತು ಬಿಟ್ಟು ಮುಂದಿನ ಇಪ್ಪತ್ತು. ಒಂದು ನಿಮಿಷದ ಹಿಂದೆ ನಿಮಗೆ ಏನು ತಂದುಕೊಟ್ಟಿದ್ದನೆಂಬುದು ಆತನಿಗೆ ತಿಳಿಯದು. ಪ್ರತಿಯೊಂದು ಸಲವೂ ಹೊಸಬರ ಮುಖ ನೋಡಿದಂತೆ ನೋಡಿ, ಹೊಸದಾಗಿ ಎಣಿಸಿ ತರುತ್ತಾನೆ. ಬಿಡಬೇಕಾದ ಆ ಸಂಖ್ಯೆಗೆ ಆಫ್‌ಸೆಟ್ ಎನ್ನುತ್ತಾರೆ.

ಕೋಣೆಯೊಳಗೆ ಯಾರೂ ಕೈಯಾಡಿಸದಿದ್ದರೆ ಈ ಏರ್ಪಾಟಿನಲ್ಲಿ ತೊಂದರೆಯಿಲ್ಲ. ಆದರೆ ಬಾಕಿ ಅರ್ಜಿಗಳ ಪಟ್ಟಿ ಎಂಥದು? ಒಂದು ಅರ್ಜಿ ಇತ್ಯರ್ಥವಾದೊಡನೆ ಅದು ಪಟ್ಟಿಯಿಂದ ಹೊರಟುಹೋಗಬೇಕು. ಅದಕ್ಕೇ ಅದು ಬಾಕಿ ಪಟ್ಟಿ. ಈಗ 200 ಅರ್ಜಿಗಳಿವೆ, ಪುಟಕ್ಕೆ 20 ಎಂದಿಟ್ಟುಕೊಳ್ಳಿ. ಗುಮಾಸ್ತರು ಮೊದಲನೆಯ ಪುಟದ ಇಪ್ಪತ್ತನ್ನೂ ಮುಗಿಸುತ್ತಾರೆ. ಅವು ಪಟ್ಟಿಯಿಂದ ಹೋದುವು, ಉಳಿದವು 180. ಹಿಂದೆ 21ರಿಂದ 40ರ ಸ್ಥಾನದಲ್ಲಿದ್ದವು ಸರಿದು ಈಗ 1ರಿಂದ 20ರ ಸ್ಥಾನಕ್ಕೆ ಬಂದಿವೆ. ಗುಮಾಸ್ತರು ಇದನ್ನರಿಯದೆ ‘ಮುಂದೆ’ ಎಂದು ಒತ್ತುತ್ತಾರೆ. ಜವಾನ ಇಪ್ಪತ್ತನ್ನು ಬಿಡುತ್ತಾನೆ, ಎಂದರೆ ಆ ಸರಿದುಬಂದ ಇಪ್ಪತ್ತನ್ನು ಬಿಡುತ್ತಾನೆ. ಪರದೆಯ ಮೇಲೆ ಬರುವುದು ಮೊದಲು 41ರಿಂದ 60ರವರೆಗೆ ಇದ್ದವು. ಅವನ್ನೂ ಮುಗಿಸಿ ಒತ್ತಿದರೆ 81ರಿಂದ 100. ಹೀಗೆ ಐದು ಪುಟ ಮುಗಿಯುವ ಹೊತ್ತಿಗೆ ಪಟ್ಟಿಯೂ ಮುಗಿಯುತ್ತದೆ. ಆರನೆಯ ಪುಟ ಬರಿದು. ಗುಮಾಸ್ತರು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. ಒಂದು ಪುಟವನ್ನೂ ಬಿಟ್ಟಿಲ್ಲವೆಂದು ದೇವರ ಮೇಲೆ ಆಣೆಯಿಟ್ಟು ಹೇಳಬಲ್ಲರು. ಆದರೆ 200ರಲ್ಲಿ ಅವರ ಕಣ್ಣಿಗೆ ಬಿದ್ದದ್ದು 100 ಮಾತ್ರ.

ಸರಿಯಾಗಿ ಅರ್ಧಕ್ಕರ್ಧ ತಪ್ಪಿಹೋಗಿದ್ದರೆ ಯಾರಾದರೂ ಬೇಗ ಗುರುತಿಸುತ್ತಿದ್ದರು. ನಮ್ಮ ಗುಮಾಸ್ತರು ದಾಖಲೆ ಪೂರ್ತಿಯಾಗಿದ್ದ ಅರ್ಜಿಗಳನ್ನು ಮುಗಿಸುತ್ತ, ಜಾತಿ ಪ್ರಮಾಣಪತ್ರವೋ ಅಂಕಪಟ್ಟಿಯೋ ಬರಬೇಕಾದವನ್ನು ಹಾಗೇ ಬಿಡುತ್ತ ಹೋಗಿದ್ದರು. ಆದುದರಿಂದ ಒಂದು ಪುಟದಲ್ಲಿ ಏಳು ತಪ್ಪಿದರೆ ಇನ್ನೊಂದರಲ್ಲಿ ಮೂರು. ರೈತರ ಮಗಳ ಹೆಸರು ಎರಡನೆಯ ಪುಟದ ತಲೆಯಲ್ಲಿತ್ತು. ಗುಮಾಸ್ತರು ಮೊದಲನೆಯ ಪುಟವನ್ನು ಬಿಟ್ಟು ಹೊರಡುವ ಹೊತ್ತಿಗೆ ಅದು ಸದ್ದಿಲ್ಲದೆ ಮೊದಲನೆಯ ಪುಟದ ಬುಡಕ್ಕೆ ಸರಿದಿತ್ತು. ಅವರು ಬರುವ ಮುನ್ನ ಅಲ್ಲಿರಲಿಲ್ಲ. ಹೋದ ಮೇಲೆ ಅಲ್ಲಿತ್ತು. ಮುಗಿದ ಪಟ್ಟಿಯನ್ನು ಮತ್ತೊಮ್ಮೆ ತೆರೆದು ನೋಡುವವರು ಯಾರು?

ಇದರ ತಿರುವುಮುರುವೂ ಉಂಟು. ಹೊಸದು ಮೇಲೆ, ಹಳೆಯದು ಕೆಳಗೆ ಎಂಬ ಕ್ರಮದ ಪಟ್ಟಿಯಲ್ಲಿ, ನೀವು ಮೊದಲನೆಯ ಪುಟವನ್ನು ಓದುತ್ತಿರುವಾಗ ಮೂರು ಹೊಸ ಸಾಲು ಮೇಲೆ ಸೇರಿದುವೆನ್ನಿ. ಎಲ್ಲವೂ ಮೂರು ಮೆಟ್ಟಿಲು ಕೆಳಗಿಳಿಯುತ್ತವೆ. ಎರಡನೆಯ ಪುಟದ ಆರಂಭದಲ್ಲಿ ಆಗತಾನೆ ಓದಿದ ಮೂರು ಸಾಲು ಮತ್ತೆ ಬರುತ್ತವೆ. ಸುದ್ದಿಯ ತಾಣಗಳಲ್ಲಿ ಇದನ್ನು ಎಲ್ಲರೂ ಕಂಡಿರಬಹುದು. ಓದಿದ್ದನ್ನೇ ಎರಡನೆಯ ಸಲ ಓದುವುದರಿಂದ ಯಾರಿಗೂ ಕೇಡಿಲ್ಲ. ಅದೇ ಪಟ್ಟಿಯನ್ನು ನೋಡಿಕೊಂಡು ಹಣ ಕಳುಹಿಸುವವರಿದ್ದರೆ ಮಾತು ಬೇರೆ.

ಜವಾನನ ಶ್ರಮದ ಕಥೆ ಇನ್ನೊಂದು. 5000ನೆಯ ಪುಟ ಕೇಳಿದರೆ ಆತ 99,980 ಕಡತಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿ, ಅಷ್ಟನ್ನೂ ಬದಿಗೆ ಸರಿಸಿ, ಕೊನೆಗೆ ಇಪ್ಪತ್ತನ್ನು ತರುತ್ತಾನೆ. 5001ನೆಯ ಪುಟಕ್ಕೆ ಮತ್ತೆ ಮೊದಲಿನಿಂದ. ಮೊದಲ ಪುಟಗಳು ಥಟ್ಟನೆ ಬಂದು, ಮುಂದೆ ಹೋದಂತೆಲ್ಲ ತಾಣ ತೆವಳತೊಡಗುವುದಕ್ಕೆ ಎಷ್ಟೋ ಕಡೆ ಇದೇ ಕಾರಣ.

ಹಾಗಾದರೆ ಪರಿಹಾರವೇನು? ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಪಡಿತರದಂಗಡಿಯ ಮುಂದೆ ಸಾಲಿನಲ್ಲಿ ನಿಂತ ತಾಯಿಯೊಬ್ಬರು ಮನೆಗೆ ಹೋಗಿ ಒಲೆ ಆರಿಸಿ ಬರಬೇಕಾಗಿದೆ. ‘ನಾನು ನಲವತ್ತೊಂದನೆಯವಳು’ ಎಂದು ಅವರು ನೆನಪಿಟ್ಟುಕೊಳ್ಳುವುದಿಲ್ಲ. ಬರುವಷ್ಟರಲ್ಲಿ ಮುಂದಿನ ಹತ್ತು ಮಂದಿ ಸಾಮಾನು ಪಡೆದು ಹೋಗಿರುತ್ತಾರೆ. ನಲವತ್ತೊಂದಕ್ಕೆ ಅರ್ಥವೇ ಇರದು. ‘ಕಮಲಮ್ಮನವರ ಹಿಂದೆ ನಾನು’ ಎಂದು ಗುರುತಿಟ್ಟುಕೊಂಡು ಹೋಗುತ್ತಾರೆ. ಮುಂದಿನವರು ಎಷ್ಟು ಕರಗಿದರೂ ಸ್ಥಾನ ತಪ್ಪುವುದಿಲ್ಲ. ಜವಾನನಿಗೂ ಇದನ್ನೇ ಹೇಳಬೇಕು: “ಎಣಿಸಬೇಡ. ಕೊನೆಯಲ್ಲಿ ನೋಡಿದ್ದು ಇಂಥ ನಂಬರು. ಅದರ ನಂತರದ ಇಪ್ಪತ್ತನ್ನು ತಾ.” ಪುಟದ ಸಂಖ್ಯೆಗೆ ಬದಲು ಒಂದು ಗುರುತು. ನಾವು ಹುಡುಗರಾಗಿದ್ದಾಗ ಪುಸ್ತಕದಲ್ಲಿ ನವಿಲುಗರಿ ಇಡುತ್ತಿದ್ದೆವಲ್ಲ, ಅದೇ. ಕಸುಬಿನವರು ಇದಕ್ಕೆ ಕರ್ಸರ್ ಎಂದೋ ಕೀಸೆಟ್ ಎಂದೋ ಹೆಸರಿಟ್ಟಿದ್ದಾರೆ.

ಇಲ್ಲಿ ಒಂದು ಸಂದೇಹ ಸಹಜ. ಕಮಲಮ್ಮನವರೇ ಸಾಲು ಬಿಟ್ಟು ಹೋದರೆ? ಪಡಿತರದಂಗಡಿಯಲ್ಲಿ ಜಗಳವಾದೀತು, ದಾಖಲೆಕೋಣೆಯಲ್ಲಿ ಆಗದು. ಅಲ್ಲಿಯ ಸಾಲು ಒಂದು ಕ್ರಮದಲ್ಲಿ ಜೋಡಿಸಿದ್ದು. ನಿಘಂಟಿನಿಂದ ಒಂದು ಶಬ್ದವನ್ನು ಯಾರೋ ಅಳಿಸಿಹಾಕಿದರೂ ಅದು ಎಲ್ಲಿರಬೇಕಾಗಿತ್ತೆಂದು ನೀವು ತೋರಿಸಬಲ್ಲಿರಿ. ಹಾಗೆಯೇ 4127ನೆಯ ಅರ್ಜಿ ಪಟ್ಟಿಯಿಂದ ಹೋಗಿದ್ದರೂ ‘4127ಕ್ಕಿಂತ ಹೆಚ್ಚಿನ ನಂಬರಿನವು’ ಎಂಬ ಮಾತಿಗೆ ಏನೂ ಭಂಗವಿಲ್ಲ.

ಆ ಸ್ಥಾನವನ್ನು ಎಣಿಸದೆ ಕಂಡುಹಿಡಿಯಲು ಜವಾನನ ಕೈಯಲ್ಲಿ ಒಂದು ಸೂಚಿ ಇರಬೇಕು. ಇಂಥ ಸೂಚಿಯನ್ನು ಕಟ್ಟುವ ಹೆಸರಾಂತ ವಿಧಾನವನ್ನು ಅಮೆರಿಕದ ಬೋಯಿಂಗ್ ಕಂಪನಿಯಲ್ಲಿದ್ದ ಬೇಯರ್ ಮತ್ತು ಮೆಕ್ರೈಟ್ ಎಂಬಿಬ್ಬರು ರೂಪಿಸಿದರು. 1972ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಬಿ-ಟ್ರೀ ಎಂದು ಅದಕ್ಕೆ ಹೆಸರು. ಬಾಗಿಲಲ್ಲಿ ಒಂದು ಫಲಕ. ಅದರಲ್ಲಿ ನೂರು ದಾರಿಗಳು. ಒಂದನ್ನು ಹಿಡಿದು ಹೋದರೆ ಇನ್ನೊಂದು ಫಲಕ, ಅಲ್ಲಿಯೂ ನೂರು. ನಾಲ್ಕು ಫಲಕ ದಾಟುವಷ್ಟರಲ್ಲಿ 10 ಕೋಟಿ ಕಡತಗಳಲ್ಲಿ ಬೇಕಾದುದರ ಮುಂದೆ ನಿಂತಿರುತ್ತೀರಿ. ಈ ಸೂಚಿಯಿದ್ದರೆ 5000ನೆಯ ಪುಟದ ನಂತರದ ಇಪ್ಪತ್ತಕ್ಕೂ ಮೊದಲನೆಯ ಇಪ್ಪತ್ತಕ್ಕೂ ಶ್ರಮ ಹೆಚ್ಚುಕಡಿಮೆ ಒಂದೇ.

ಆದರೆ ಗುರುತಿಡುವ ಈ ವಿಧಾನ ಒಂದು ಕರಾರಿನ ಮೇಲೆ ನಿಂತಿದೆ: ಕ್ರಮ ನಿಶ್ಚಿತವಾಗಿರಬೇಕು. ಯಂತ್ರದೊಳಗಿನ ದಾಖಲೆಗಳಿಗೆ ತಾವಾಗಿ ಯಾವ ಕ್ರಮವೂ ಇಲ್ಲವೆಂಬುದನ್ನು ನಾವು ಮರೆಯುತ್ತೇವೆ. ಇಂದಿನ ಬಹುಪಾಲು ದಾಖಲೆಕೋಣೆಗಳಿಗೆ ತಳಹದಿಯಾದ ತತ್ತ್ವವನ್ನು ಐ.ಬಿ.ಎಂ. ಸಂಸ್ಥೆಯ ಕಾಡ್ ಎಂಬವರು 1970ರಲ್ಲಿ ಮಂಡಿಸಿದರು. ಅದರಂತೆ ಸಾಲುಗಳೆಂದರೆ ಬುಟ್ಟಿಯಲ್ಲಿ ಹಾಕಿದ ಕಾಳುಗಳಂತೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಮಾತೇ ಇಲ್ಲ. ಕೇಳುವವರು ಕ್ರಮವನ್ನು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಯಂತ್ರ ತನಗೆ ಸುಲಭವಾದಂತೆ ಕೊಡುತ್ತದೆ. ಇಂದು ಒಂದು ರೀತಿ, ನಾಳೆ ಇನ್ನೊಂದು ರೀತಿ ಕೊಟ್ಟರೂ ಅದರ ಮೇಲೆ ದೂರು ಹೇಳುವಂತಿಲ್ಲ.

ಹೆಸರಿನ ಕ್ರಮ ಎಂದು ಹೇಳಿದರೂ ಸಾಲದು. ಮಂಜುನಾಥ ಎಂಬ ಹೆಸರಿನವರು ಮೂವತ್ತು ಮಂದಿಯಿದ್ದು, ಪುಟಕ್ಕೆ ಇಪ್ಪತ್ತು ಮಾತ್ರ ಹಿಡಿಯುವುದಾದರೆ ‘ಮಂಜುನಾಥನ ನಂತರದವರು’ ಎಂದೊಡನೆ ಹತ್ತು ಮಂದಿ ಮಂಜುನಾಥರು ಗಂಟುಮೂಟೆ ಕಟ್ಟಿದಂತೆ. ಆದುದರಿಂದ ಹೆಸರಿನ ಜೊತೆಗೆ ಬೇರೆ ಯಾರಿಗೂ ಇಲ್ಲದ ಒಂದು ನಂಬರನ್ನೂ ಸೇರಿಸಿ ಗುರುತು ಮಾಡಬೇಕು. ಶಾಲೆಯ ಹಾಜರಿಯಲ್ಲಿ ಮೇಷ್ಟ್ರು ಮಾಡುತ್ತಿದ್ದುದೂ ಅದನ್ನೇ: ಎಂ. ಮಂಜುನಾಥ, ಎನ್. ಮಂಜುನಾಥ. ಇನಿಷಿಯಲ್ಲೂ ಒಂದೇ ಆದಾಗ ರೋಲ್ ನಂಬರು.

ನಮ್ಮ ಭಾಷೆಯವರಿಗೆ ಇನ್ನೂ ಒಂದು ತೊಡಕುಂಟು. ನಾವು ವರ್ಣಮಾಲೆ ಕಲಿತದ್ದು ಯ, ರ, ಲ, ವ, ಶ, ಷ, ಸ, ಹ, ಳ ಎಂದು. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಅಂಕಿ ಕೊಟ್ಟಿರುವ ಯೂನಿಕೋಡ್ ಎಂಬ ಪಟ್ಟಿಯಲ್ಲಿ ಭಾರತದ ಮುಖ್ಯ ಲಿಪಿಗಳನ್ನು, 1988ರ ಇಸ್ಕಿ ಎಂಬ ನಮ್ಮ ದೇಶದ ಪಟ್ಟಿಯನ್ನು ಅನುಸರಿಸಿ, ಒಂದೇ ಅಚ್ಚಿನಲ್ಲಿ ಎರಕಹೊಯ್ದಿದ್ದಾರೆ. ಅಲ್ಲಿ ಳಕಾರಕ್ಕೆ ಸಿಕ್ಕಿರುವ ಸ್ಥಾನ ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮೊದಲು. ಬರಿಯ ಅಂಕಿಯನ್ನು ನಂಬಿ ಜೋಡಿಸಿದರೆ ಕಾಳಮ್ಮ ಮೊದಲು ಬಂದು ಕಾವೇರಮ್ಮ ಆಮೇಲೆ ಬರುತ್ತಾರೆ. ವರ್ಣಮಾಲೆಯ ಕ್ರಮದಲ್ಲಿ ಹುಡುಕುವ ಅಜ್ಜಿ ಕಾವೇರಮ್ಮನವರ ಹೆಸರು ಕಂಡೊಡನೆ ಮುಂದಿನ ಪುಟಕ್ಕೆ ಹೋಗುತ್ತಾರೆ, ಕಾಳಮ್ಮ ಮುಂದೆ ಬರಬೇಕಷ್ಟೆ ಎಂದು. ಅವರ ಹೆಸರು ಹಿಂದೆಯೇ ಉಳಿದಿರುತ್ತದೆ. ಭಾಷೆಯ ಕ್ರಮವನ್ನು ಯಂತ್ರಕ್ಕೆ ಕಲಿಸುವ ನಿಯಮಾವಳಿಗಳು ಇವೆ, ಹೇಳಿಕೊಡಬೇಕು, ಅಷ್ಟೆ. ಜೋಡಿಸುವಾಗ ಒಂದು ಕ್ರಮ, ‘ಇದರ ನಂತರ’ ಎಂದು ಹೋಲಿಸುವಾಗ ಇನ್ನೊಂದು ಕ್ರಮ ಹಿಡಿದರಂತೂ ಹೆಸರುಗಳು ಸಂದಿಯಲ್ಲಿ ಉದುರಿಹೋಗುತ್ತವೆ.

ಗುರುತಿನ ವಿಧಾನದಿಂದ ಕಳೆದುಕೊಳ್ಳುವುದೇನೂ ಇಲ್ಲವೆ? ಇದೆ. 137ನೆಯ ಪುಟಕ್ಕೆ ನೇರವಾಗಿ ಹಾರುವಂತಿಲ್ಲ. ಮುಂದೆ, ಹಿಂದೆ ಎಂದು ನಡೆಯಬೇಕು. ‘ಒಟ್ಟು ಪುಟಗಳು ಇಷ್ಟು’ ಎಂದು ತೋರಿಸಬೇಕಾದರೆ ಎಲ್ಲವನ್ನೂ ಬೇರೆಯಾಗಿ ಎಣಿಸಬೇಕು; ದೊಡ್ಡ ಪಟ್ಟಿಯಲ್ಲಿ ಆ ಎಣಿಕೆಯೇ ಪುಟಕ್ಕಿಂತ ದುಬಾರಿ. ಆದರೆ 137ನೆಯ ಪುಟವೇ ಬೇಕೆಂದು ಹಟ ಹಿಡಿದವರನ್ನು ನಾನಂತೂ ಕಂಡಿಲ್ಲ. ಅವರಿಗೆ ಬೇಕಾದ್ದು ಒಂದು ಹೆಸರು, ಒಂದು ತಾರೀಖು, ಒಂದು ನಂಬರು. ಎಲಾಸ್ಟಿಕ್‌ಸರ್ಚ್ ಎಂಬ ಹುಡುಕುಯಂತ್ರ ಬೇರೆ ಅಪ್ಪಣೆಯಿಲ್ಲದಿದ್ದರೆ 10,000 ಸಾಲುಗಳಾಚೆಗೆ ಎಣಿಸಿ ತರಲು ಒಪ್ಪುವುದೇ ಇಲ್ಲ. ಅದು ಒರಟುತನವೆಂದು ಮೊದಲು ಅನ್ನಿಸಿತ್ತು, ಈಗ ಅನ್ನಿಸುವುದಿಲ್ಲ. ನಮ್ಮ ‘ಭೂಮಿ’ಯ ಪದ್ಧತಿ ಇದಕ್ಕಿಂತಲೂ ಚೆನ್ನ. ಪಹಣಿ ಬೇಕೆಂದರೆ ಅದು ಪುಟ ತೋರಿಸಲು ಹೋಗುವುದಿಲ್ಲ. ಜಿಲ್ಲೆ ಯಾವುದು, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಯಾವುದು ಎಂದು ಕೇಳುತ್ತ ಹೋಗುತ್ತದೆ. 2 ಕೋಟಿ ಕರಗಿ ಒಂದಾಗುತ್ತದೆ. ಹಳೆಯ ಶಾನುಭೋಗರು ಕೇಳುತ್ತಿದ್ದ ಪ್ರಶ್ನೆಗಳೇ ಇವು.

ಗುರುತಿನ ವಿಧಾನವನ್ನು ಕಣ್ಣಾರೆ ನೋಡಬೇಕೆನ್ನುವವರು 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ತೆರೆಯಬಹುದು. ಅಲ್ಲಿ ಲೇಖನಗಳನ್ನು ವರ್ಗವರ್ಗವಾಗಿ ಇಟ್ಟಿದ್ದಾರೆ. ಒಂದು ವರ್ಗದಲ್ಲಿ 200ಕ್ಕಿಂತ ಹೆಚ್ಚು ಲೇಖನಗಳಿದ್ದರೆ 200ರಂತೆ ಒಡೆದು ತೋರಿಸುತ್ತದೆ. ‘ಮುಂದಿನ ಪುಟ’ ಎಂದು ಒತ್ತಿ, ಮೇಲುಗಡೆ ವಿಳಾಸವಿರುವ ಜಾಗವನ್ನು ನೋಡಿ. ಪುಟ 2 ಎಂದು ಇರುವುದಿಲ್ಲ. ಎಲ್ಲಿಂದ ಮುಂದುವರಿಯಬೇಕೋ ಆ ಲೇಖನದ ಹೆಸರು ಇರುತ್ತದೆ. ನಿಮ್ಮ ನವಿಲುಗರಿಯನ್ನು ಅಲ್ಲಿ ಇಟ್ಟಿದ್ದಾರೆ.

ಪುಟವೇ ಬೇಡ, ಬೆರಳಿಂದ ಸರಿಸುತ್ತ ಹೋದಂತೆ ಪಟ್ಟಿ ತಾನಾಗಿ ಬೆಳೆಯಲಿ ಎಂಬ ಇನ್ನೊಂದು ಪಂಥವಿದೆ. ಇದನ್ನು 2006ರಲ್ಲಿ ರೂಪಿಸಿದವರೆಂದು ಹೆಸರಾದ ಅಜಾ ರಾಸ್ಕಿನ್ ಅವರೇ ಮುಂದೆ ಅದರ ಬಗ್ಗೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಜನರ ಹೊತ್ತು ಹಾಳಾಗುತ್ತಿದೆಯೆಂದು. ಗೂಗಲ್ ತನ್ನ ಹುಡುಕಾಟದಲ್ಲಿ 2021ರಲ್ಲಿ ಮೊಬೈಲುಗಳಿಗೆ ಇದನ್ನು ತಂದು 2024ರಲ್ಲಿ ಹಿಂತೆಗೆದುಕೊಂಡಿತು. ಚಿತ್ರ ನೋಡಿಕೊಂಡು ಕಾಲ ಕಳೆಯುವವರಿಗೆ ಅದು ಸರಿಯಿರಬಹುದು. ಕಡತ ಇತ್ಯರ್ಥ ಮಾಡುವವರಿಗೆ ಇಲ್ಲಿಗೆ ಇಪ್ಪತ್ತು ಮುಗಿಯಿತು ಎಂಬ ಒಂದು ಅಂಚು ಬೇಕು. ಎದ್ದು ಕಾಫಿ ಕುಡಿದು ಬಂದು ಅದೇ ಅಂಚಿನಿಂದ ಮುಂದುವರಿಯುವಂತಿರಬೇಕು.

ಇರಲಿ, ರೈತರ ಮಾತಿಗೆ ಬರೋಣ. ಎರಡು ದಿನದ ಮೇಲೆ ನಾನು ಬಾಕಿ ಪಟ್ಟಿಯನ್ನು ತೆರೆದಾಗ ಮೊದಲನೆಯ ಪುಟ ತುಂಬಿತ್ತು. ದಾಖಲೆಗಾಗಿ ಉಳಿಸಿಕೊಂಡಿದ್ದವನ್ನು ಕಳೆದರೆ, ಯಾರೂ ನೋಡಿಯೇ ಇರದ ಅರ್ಜಿಗಳು ಐವತ್ತಕ್ಕೆ ಮೀರಿದ್ದುವು. ಆ ವರ್ಷದ ಹಣ ಅಷ್ಟರಲ್ಲಿ ಹಂಚಿಹೋಗಿತ್ತು. ಕಚೇರಿಯವರು ಮೇಲಕ್ಕೆ ಬರೆದು ಕೆಲವರಿಗೆ ಮಾರ್ಚಿ ತಿಂಗಳಲ್ಲಿ ಕೊಡಿಸಿದರು, ಎಲ್ಲರಿಗೂ ಆಗಲಿಲ್ಲ. ಆ ಹುಡುಗಿಗೆ ಬಂತು, ಕಾಲೇಜಿನ ಫೀಸಿಗೆ ತಂದೆ ಸಾಲ ಮಾಡಿ ಕಟ್ಟಿದ ಏಳು ತಿಂಗಳಿಗೆ.

ಪ್ರೋಗ್ರಾಮಿನಲ್ಲಿ ನಾನು ಬದಲಿಸಿದ್ದು ಎರಡು ಸಾಲು. ‘ಇಷ್ಟನ್ನು ಬಿಟ್ಟು’ ಎಂದಿದ್ದುದನ್ನು ತೆಗೆದು, ‘ಕೊನೆಯಲ್ಲಿ ನೋಡಿದ ರಸೀತಿ ನಂಬರಿಗಿಂತ ಹೆಚ್ಚಿನವು’ ಎಂದು ಹಾಕಿದೆ. ಕ್ರಮವನ್ನೂ ರಸೀತಿ ನಂಬರಿಗೇ ಕಟ್ಟಿದೆ. ತಾರೀಖು ತಿದ್ದುಪಡಿಯಾಗಬಹುದು, ಹೆಸರಿನ ಕಾಗುಣಿತ ಬದಲಾಗಬಹುದು. ರಸೀತಿಯ ನಂಬರು ಒಮ್ಮೆ ಕೊಟ್ಟದ್ದು ಕೊಟ್ಟದ್ದೇ. ಆ ನಂಬರು ಮೊದಲಿನಿಂದಲೂ ದಾಖಲೆಯಲ್ಲಿ ಇತ್ತು. ಅದನ್ನು ಅಚ್ಚು ಹಾಕಿಸಿ ಅರ್ಜಿದಾರರ ಕೈಗೆ ಕೊಟ್ಟವನೂ ನಾನೇ. ಜವಾನನ ಕೈಗೆ ಕೊಡಲು ಮಾತ್ರ ನನಗೆ ಹೊಳೆದಿರಲಿಲ್ಲ.

ಮರುವರ್ಷ ಜೂನ್ ತಿಂಗಳಲ್ಲಿ ಆ ಯಜಮಾನರು ಹೊಸ ರಸೀತಿ ಹಿಡಿದು ಅದೇ ಕಿಟಕಿಗೆ ಬಂದರು. ಗುಮಾಸ್ತರು ಕೇಳುವ ಮುಂಚೆಯೇ ಕಂಪ್ಯೂಟರನ್ನು ಅವರ ಕಡೆಗೆ ತಿರುಗಿಸಿ, ಬೆರಳಿಟ್ಟು ಹೆಸರು ತೋರಿಸಿದರು. ಯಜಮಾನರು ಕಣ್ಣು ಕಿರಿದು ಮಾಡಿ ನೋಡಿ, ರಸೀತಿಯ ಅಂಕಿಗಳನ್ನೂ ಪರದೆಯ ಅಂಕಿಗಳನ್ನೂ ಒಂದೊಂದಾಗಿ ತಾಳೆ ಹಾಕಿದರು. ಆಮೇಲೆ ರಸೀತಿಯನ್ನು ಮೊದಲಿನ ಹಾಗೆಯೇ ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.